ಆರ್‌ಎಕ್ಸ್ 100 ಪಿಸ್ಟನ್ ಬದಲಾಯಿಸುವುದು: ಬ್ಲಾಕ್ ಬಿಚ್ಚುವುದರಿಂದ ರನ್ನಿಂಗ್-ಇನ್ ಮುಗಿಯುವವರೆಗೆ

ಕಿಕ್ಕರ್ ಒತ್ತಿದರೆ ಕಾಲಿಗೆ ಮೊದಲಿನ ಬಿಗಿ ಸಿಗುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬ್ಲಾಕಿನೊಳಗಿಂದ ತಗಡಿನ ಡಬ್ಬಿಗೆ ಬೆರಳಲ್ಲಿ ಕುಟ್ಟಿದಂಥ ಟಕಟಕ ಸದ್ದು. ಮೂರನೇ ಗೇರಿನಲ್ಲೇ ಹತ್ತುತ್ತಿದ್ದ ದಿಬ್ಬಕ್ಕೆ ಈಗ ಎರಡನೇ ಗೇರು ಬೇಕು. ಮನೆಯಲ್ಲಿ ಹಳೆಯ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ಮುಂದಿನ ಮಾತು ಗೊತ್ತೇ ಇರುತ್ತದೆ: ಪಿಸ್ಟನ್, ಅದರ ಸುತ್ತಲಿನ ರಿಂಗು, ಅದು ಓಡಾಡುವ ಸಿಲಿಂಡರ್ ಬ್ಲಾಕಿನ ಒಳತೂತು, ಅಂದರೆ ಬೋರು.

1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಗಾಡಿ ಇದು. ಅಂದರೆ ಈಗ ಓಡುತ್ತಿರುವ ತೀರಾ ಹೊಸ ಆರ್‌ಎಕ್ಸ್ 100ಕ್ಕೂ ಕಾಲು ಶತಮಾನ ದಾಟಿದೆ. ಅಷ್ಟರಲ್ಲಿ ಎಷ್ಟು ಸಲ ಬೋರ್ ಆಗಿದೆ (ಸವೆದ ಬೋರನ್ನು ಕೊರೆದು ದೊಡ್ಡದು ಮಾಡುವುದು), ಯಾರು ಮಾಡಿದ್ದಾರೆ, ಒಳಗೆ ಯಾವ ಸೈಜಿನ ಪಿಸ್ಟನ್ ಇದೆ ಎಂಬುದು ಬಿಚ್ಚಿ ನೋಡುವ ತನಕ ತಿಳಿಯುವುದಿಲ್ಲ. ಒಂದು ಅನುಕೂಲವೆಂದರೆ ಈ ಎಂಜಿನ್ ಸರಳ. ಒಂದೇ ಸಿಲಿಂಡರ್, ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಎಂಜಿನ್ನನ್ನು ಚಾಸಿಸ್‌ನಿಂದ ಇಳಿಸದೆಯೇ ಪಿಸ್ಟನ್ ಹೊರಗೆ ತೆಗೆಯಬಹುದು. ಬಿಚ್ಚಲು ಒಂದು ಬೆಳಿಗ್ಗೆ, ಕೂಡಿಸಲು ಒಂದು ಮಧ್ಯಾಹ್ನ, ನಡುವೆ ಬೋರಿಂಗ್ ಅಂಗಡಿಯಲ್ಲಿ ಒಂದೆರಡು ದಿನ.

ಆದರೆ ಪಿಸ್ಟನ್ ಹಾಕುವುದು ಈ ಕೆಲಸದ ಸಣ್ಣ ಭಾಗ. ಹಳೆಯದು ಯಾಕೆ ಹೋಯಿತು ಎಂದು ತಿಳಿದುಕೊಳ್ಳುವುದು, ಅಳತೆ ಸರಿಯಾಗಿ ತೆಗೆಯುವುದು, ಇವೆರಡೇ ದೊಡ್ಡ ಭಾಗ. ಹೊಸ ಪಿಸ್ಟನ್ ಹಾಕಿಸಿ ಎರಡೇ ತಿಂಗಳಿಗೆ ಮತ್ತೆ ಜಾಮ್ ಆಯಿತು ಎಂದು ತಲೆ ಮೇಲೆ ಕೈ ಹೊತ್ತು ಕೂತ ಎಷ್ಟೋ ಜನರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಪಿಸ್ಟನ್ನಿನಲ್ಲಿ ಯಾವ ದೋಷವೂ ಇರಲಿಲ್ಲ.

ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ

ಎಂಜಿನ್ ತಣ್ಣಗಿರುವಾಗ ಜೋರಾಗಿದ್ದು, ಬಿಸಿಯಾದಂತೆ ಕಡಿಮೆಯಾಗುವ ಟಕಟಕ ಸದ್ದು ಸಾಮಾನ್ಯವಾಗಿ ಪಿಸ್ಟನ್ನಿನದು. ಅಲ್ಯೂಮಿನಿಯಂ ಪಿಸ್ಟನ್ ಕಾಯ್ದು ಹಿಗ್ಗಿ ಬೋರನ್ನು ತುಂಬಿಕೊಳ್ಳುತ್ತದೆ, ಸದ್ದು ಇಳಿಯುತ್ತದೆ. ಬಿಸಿಯಾದ ಮೇಲೂ ಇಳಿಯದೆ, ಆಕ್ಸಿಲರೇಟರ್ ಕೊಟ್ಟಂತೆ ಕೆಳಗಿನಿಂದ ದಪ್ಪಗೆ ಗುದ್ದುವ ಸದ್ದಾದರೆ ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಇರಬಹುದು. ಹಾಗಿದ್ದರೆ ಬ್ಲಾಕಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸ್ ಬಿಚ್ಚಬೇಕಾಗುತ್ತದೆ. ಅದು ಬೇರೆಯೇ ಮಟ್ಟದ ಕೆಲಸ.

ಕಂಪ್ರೆಷನ್ ಗೇಜ್ ಇದ್ದರೆ ಪ್ಲಗ್ ತೂತಿಗೆ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಐದಾರು ಕಿಕ್ ಹೊಡೆದು ಮುಳ್ಳು ಎಲ್ಲಿಗೆ ನಿಂತಿತೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ತೂತಿನಿಂದ ಒಂದು ಟೀ ಚಮಚದಷ್ಟು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಸೋರುತ್ತಿರುವುದು ರಿಂಗು ಮತ್ತು ಬೋರಿನ ನಡುವೆ. ಏರದಿದ್ದರೆ ಬ್ಲಾಕಿನ ಮೇಲಿನ ಮುಚ್ಚಳವಾದ ಹೆಡ್ಡಿನ ಪ್ಯಾಕಿಂಗ್ ಅಥವಾ ಪ್ಲಗ್ ಬುಡ ನೋಡಿ. ಎರಡು ನಿಮಿಷದ ಈ ಪರೀಕ್ಷೆ ಎಷ್ಟೋ ಸಲ ಇಡೀ ಕೆಲಸವನ್ನೇ ಉಳಿಸುತ್ತದೆ.

ಸಲಕರಣೆ

ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಪ್ಲಗ್ ಸ್ಪ್ಯಾನರ್, ಮೂತಿ ಸಣ್ಣಗಿರುವ ನೋಸ್ ಪ್ಲೈಯರ್, ರಬ್ಬರ್ ಸುತ್ತಿಗೆ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಅಳೆದು ಬಿಗಿಯುವ ಟಾರ್ಕ್ ರೆಂಚ್ ಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಎರವಲು ತನ್ನಿ, ಕೈ ಅಂದಾಜಿನಲ್ಲಿ ಹೆಡ್ ಬಿಗಿಯಬೇಡಿ. ಬನಿಯನ್ ವೇಸ್ಟ್ ಒಂದು ಚೀಲ. ಅದರ ಜೊತೆಗೆ ನೂಲು ಬಿಡದ ಹಳೆಯ ಕಾಟನ್ ಬಟ್ಟೆ ಎರಡು ತುಂಡು, ಒಂದಾದರೂ ಬಿಳಿ ಬಣ್ಣದ್ದಿರಲಿ. ಯಾಕೆಂದು ಮುಂದೆ ಹೇಳುತ್ತೇನೆ. ಕಣ್ಣಿಗೆ ಕನ್ನಡಕ, ಏಕೆಂದರೆ ಪಿಸ್ಟನ್ನನ್ನು ರಾಡಿಗೆ ಹಿಡಿದಿಡುವ ಪಿನ್ನಿನ ಲಾಕು ಸಿಡಿಯುತ್ತದೆ.

ಬಿಡಿಭಾಗಗಳಲ್ಲಿ ಹೆಡ್ ಪ್ಯಾಕಿಂಗ್, ಬ್ಲಾಕಿನ ಕೆಳಗಿನ ಪ್ಯಾಕಿಂಗ್, ಸೈಲೆನ್ಸರ್ ಪ್ಯಾಕಿಂಗ್ ಮತ್ತು ಪಿನ್ನಿನ ಸೂಜಿ ಬೇರಿಂಗ್ ಮೊದಲೇ ತಂದಿಡಬಹುದು. ಪಿಸ್ಟನ್ನನ್ನು ಮಾತ್ರ ಈಗಲೇ ಕೊಳ್ಳಬೇಡಿ. ಯಾವ ಸೈಜು ಬೇಕೆಂದು ಬ್ಲಾಕೇ ಹೇಳಬೇಕು.

ಬಿಚ್ಚುವ ಕ್ರಮ

ಹಿಂದಿನ ದಿನವೇ ಎಂಜಿನ್ನಿನ ಹೊರಮೈ ಚೆನ್ನಾಗಿ ತೊಳೆದು ಒಣಗಿಸಿ. ಬ್ಲಾಕಿನ ಬುಡದ ಸುತ್ತ ಜಿಡ್ಡಿನೊಂದಿಗೆ ಗಟ್ಟಿಯಾಗಿ ಕೂತ ಮಣ್ಣು, ಬ್ಲಾಕ್ ಎತ್ತಿದ ಕ್ಷಣ ಕ್ರ್ಯಾಂಕ್ ಕೇಸಿನೊಳಗೇ ಉದುರುತ್ತದೆ. ಕೆಲಸ ಪೂರ್ತಿ ತಣ್ಣಗಾದ ಎಂಜಿನ್ನಿನ ಮೇಲೆ, ಗಾಳಿಯಾಡುವ ಜಾಗದಲ್ಲಿ ನಡೆಯಲಿ. ಪೆಟ್ರೋಲ್ ಬಿಚ್ಚುವ ಕೆಲಸವಾದ್ದರಿಂದ ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ ಏನೂ ಬೇಡ.

ಪೆಟ್ರೋಲ್ ಕಾಕ್ ಮುಚ್ಚಿ, ಸೀಟು ತೆಗೆದು, ಪೈಪ್ ಕಳಚಿ ಟ್ಯಾಂಕ್ ಇಳಿಸಿ. ಟ್ಯಾಂಕ್ ಇದ್ದಂತೆಯೇ ಮಾಡುವವರೂ ಇದ್ದಾರೆ, ಆದರೆ ಮೇಲಿನಿಂದ ನೇರವಾಗಿ ಕಾಣುವಂತಿದ್ದರೆ ಬ್ಲಾಕ್ ಕೂರಿಸುವಾಗ ತುಂಬಾ ಉಪಕಾರ. ಪ್ಲಗ್ ಕ್ಯಾಪ್ ಎಳೆದು ಪ್ಲಗ್ಗನ್ನು ಒಂದು ಸುತ್ತು ಸಡಿಲಿಸಿಡಿ. ಸೈಲೆನ್ಸರಿನ ಮುಂಭಾಗವನ್ನು ಬ್ಲಾಕಿಗೆ ಹಿಡಿದಿರುವ ನಟ್ಟುಗಳು ತುಕ್ಕು ಹಿಡಿದಿರುವುದು ಮಾಮೂಲು. ರಾತ್ರಿಯೇ ಅವಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಅವಸರ ಮಾಡಿ ಸ್ಟಡ್ ಮುರಿದರೆ ಲೇತ್ ಅಂಗಡಿಯ ಕೆಲಸ ಒಂದು ಹೆಚ್ಚಾಗುತ್ತದೆ. ಮುಂದಿನದು ಸಡಿಲವಾದ ಮೇಲೆ ಹಿಂದಿನ ಬೋಲ್ಟ್ ಬಿಚ್ಚಿ ಸೈಲೆನ್ಸರ್ ಪೂರ್ತಿ ತೆಗೆಯಿರಿ.

ಕಾರ್ಬ್ಯುರೇಟರಿನ ಕ್ಲ್ಯಾಂಪ್ ಸಡಿಲಿಸಿ, ಕೇಬಲ್ ಸಮೇತ ಪಕ್ಕಕ್ಕೆ ಕಟ್ಟಿಡಿ. ಎಂಜಿನ್ನಿಗೆ ತಾನಾಗಿ ಎಣ್ಣೆ ಕೊಡುವ ಆಟೋಲ್ಯೂಬ್ ಪಂಪಿನಿಂದ ಬರುವ ಸಣ್ಣ ಆಯಿಲ್ ಪೈಪ್ ಕಳಚಿದ ಕೂಡಲೇ ಅದರ ಬಾಯಿಗೆ ಒಂದು ಚಿಕ್ಕ ಸ್ಕ್ರೂ ತುರುಕಿ ಮುಚ್ಚಿ. ಎಣ್ಣೆ ಸೋರಬಾರದು, ಅದಕ್ಕಿಂತ ಮುಖ್ಯವಾಗಿ ಪೈಪಿನೊಳಗೆ ಗಾಳಿ ಸೇರಬಾರದು. ಹಲವು ಗಾಡಿಗಳಲ್ಲಿ ಹಿಂದಿನ ಮಾಲೀಕರು ಪಂಪನ್ನೇ ಬಂದ್ ಮಾಡಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿರುತ್ತಾರೆ. ನಿಮ್ಮದು ಯಾವುದೆಂದು ಈಗಲೇ ನೋಡಿಕೊಳ್ಳಿ.

ಹೆಡ್ಡಿನ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಕಾಲು ಸುತ್ತಿನಂತೆ ಸಡಿಲಿಸುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಚ್ಚಿ ಮುಂದಿನದಕ್ಕೆ ಹೋದರೆ ಹೆಡ್ ಸೊಟ್ಟಗಾಗುವ ಅಪಾಯವಿದೆ. ಹೆಡ್ ಅಂಟಿಕೊಂಡಿದ್ದರೆ ದಪ್ಪವಿರುವ ಜಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಾಳಿ ರೆಕ್ಕೆಗಳಿಗೆ ಹೊಡೆಯಬೇಡಿ, ಚಪ್ಪಡಿಯಂತೆ ಮುರಿದು ಬೀಳುತ್ತವೆ. ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟುವುದೂ ಅಷ್ಟೇ ತಪ್ಪು.

ಈಗ ಬ್ಲಾಕ್. ನೇರವಾಗಿ ಮೇಲಕ್ಕೆ ಎತ್ತಿ, ಆದರೆ ಒಂದೇ ಸಲಕ್ಕೆ ಪೂರ್ತಿ ಬೇಡ. ಪಿಸ್ಟನ್ನಿನ ಕೆಳಭಾಗ ಕಾಣಿಸಿ, ರಿಂಗುಗಳು ಇನ್ನೂ ಬ್ಲಾಕಿನೊಳಗೇ ಇರುವಾಗ ನಿಲ್ಲಿಸಿ. ಕ್ರ್ಯಾಂಕ್ ಕೇಸಿನ ಬಾಯಿಗೆ ಕಾಟನ್ ಬಟ್ಟೆಯನ್ನು ರಾಡಿನ ಸುತ್ತ ಬಿಗಿಯಾಗಿ ತುರುಕಿ, ಆಮೇಲೆ ಉಳಿದದ್ದನ್ನು ಎತ್ತಿ. ರಿಂಗು ಮುರಿದಿದ್ದರೆ ಅದರ ತುಂಡು ಬಟ್ಟೆಯ ಮೇಲೆ ಬೀಳುತ್ತದೆ, ಒಳಗೆ ಬೀಳುವುದಿಲ್ಲ. ಒಳಗೆ ಬಿದ್ದರೆ ಅದಕ್ಕಾಗಿ ಇಡೀ ಎಂಜಿನ್ ಬಿಚ್ಚಬೇಕಾದೀತು.

ಪಿನ್ನಿನ ಎರಡೂ ಕಡೆಯ ತಂತಿ ಲಾಕುಗಳನ್ನು ನೋಸ್ ಪ್ಲೈಯರ್‌ನಿಂದ ತೆಗೆಯಿರಿ, ಇನ್ನೊಂದು ಕೈಯ ಹೆಬ್ಬೆರಳನ್ನು ಮುಂದೆ ಅಡ್ಡ ಹಿಡಿದು. ಹಳೆಯ ಲಾಕನ್ನು ಅಲ್ಲೇ ಬಗ್ಗಿಸಿ ಎಸೆದುಬಿಡಿ, ಮತ್ತೆ ಹಾಕುವ ಆಸೆ ಹುಟ್ಟಬಾರದು. ಪಿನ್ನು ಬೆರಳಿಗೆ ಬರದಿದ್ದರೆ ಕುದಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್ನಿಗೆ ಎರಡು ನಿಮಿಷ ಸುತ್ತಿಡಿ. ಹಿಗ್ಗಿದ ಪಿಸ್ಟನ್ ಪಿನ್ನನ್ನು ಬಿಡುತ್ತದೆ. ಸುತ್ತಿಗೆ ಹಿಡಿದು ಹೊಡೆದರೆ ಆ ಪೆಟ್ಟೆಲ್ಲ ರಾಡಿನ ಮೂಲಕ ಕೆಳಗಿನ ಬೇರಿಂಗಿಗೆ ಹೋಗುತ್ತದೆ.

ಪಿಸ್ಟನ್ ಬಂದ ಮೇಲೆ ರಾಡಿನ ತಲೆ ಹಿಡಿದು ಮೇಲೆ ಕೆಳಗೆ ಎಳೆದು ಒತ್ತಿ ನೋಡಿ. ಸ್ವಲ್ಪ ಪಕ್ಕಕ್ಕೆ ಅಲ್ಲಾಡುವುದು ಇರಲೇಬೇಕು. ಆದರೆ ನೇರ ಮೇಲೆ ಕೆಳಗೆ ಟಕ್ ಎಂದು ಒಂದು ಕೂದಲಿನಷ್ಟು ಆಡಿದರೂ ಬೇರಿಂಗ್ ಮುಗಿದಿದೆ. ರಾಡು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಎಣ್ಣೆಯಿಲ್ಲದೆ ಕಾಯ್ದಿದೆ. ಆ ಸ್ಥಿತಿಯಲ್ಲಿ ಹೊಸ ಪಿಸ್ಟನ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಮೊದಲು ಕ್ರ್ಯಾಂಕ್ ಕೆಲಸ ಮುಗಿಸಿ.

ಹಳೆಯ ಪಿಸ್ಟನ್ ಹೇಳುವುದನ್ನು ಕೇಳಿ

ಇಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತು ಕೂತು ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ. ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆ, ಅಂದರೆ ಮುಂದಕ್ಕೆ. ಅದರಿಂದ ಯಾವ ಬದಿ ಯಾವುದೆಂದು ತಿಳಿಯುತ್ತದೆ.

ಸೈಲೆನ್ಸರ್ ಕಡೆಯ ಮೈಮೇಲೆ ಮಾತ್ರ ಉದ್ದುದ್ದ ಗೀರು, ಅಲ್ಯೂಮಿನಿಯಂ ಎಳೆದಂತೆ ಅಂಟಿದ್ದರೆ ಆ ಬದಿ ವಿಪರೀತ ಕಾಯ್ದಿದೆ, ಎಣ್ಣೆ ಸಾಲದೆ ಹೋಗಿದೆ. ಪಂಪ್ ಸರಿಯಾಗಿ ಎತ್ತುತ್ತಿದೆಯೇ, ಪಂಪಿನ ಕೇಬಲ್ ಗುರುತಿಗೆ ಕೂತಿದೆಯೇ, ಸೈಲೆನ್ಸರ್ ಕಾರ್ಬನ್ನಿನಿಂದ ಕಟ್ಟಿಕೊಂಡಿದೆಯೇ ನೋಡಿ. ಸುತ್ತ ನಾಲ್ಕು ಮೂಲೆಯಲ್ಲೂ ಗೀರು ಇದ್ದರೆ ಬೋರ್ ತುಂಬಾ ಬಿಗಿ ಇತ್ತು, ಅಥವಾ ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಎಳೆದಿದ್ದಾರೆ.

ಕಾರ್ಬ್ಯುರೇಟರ್ ಕಡೆಯ ಮೈ ಹೊಳಪು ಕಳೆದುಕೊಂಡು, ಮರಳು ಕಾಗದದಿಂದ ಉಜ್ಜಿದಂತೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಧೂಳಿನ ಕೆಲಸ. ಏರ್ ಫಿಲ್ಟರ್ ಹರಿದಿದೆ, ಇಲ್ಲವೇ ಸದ್ದು ಚೆನ್ನಾಗಿ ಬರಲೆಂದು ಯಾರೋ ತೆಗೆದೇ ಹಾಕಿದ್ದಾರೆ. ನಮ್ಮ ಕಡೆ ಬೇಸಿಗೆಯ ಮಣ್ಣು ರಸ್ತೆಯಲ್ಲಿ ಫಿಲ್ಟರ್ ಇಲ್ಲದೆ ಓಡಿದ ಎಂಜಿನ್ ಬೇಗ ಸಾಯುತ್ತದೆ. ರಿಂಗುಗಳ ಕೆಳಗಿನ ಭಾಗ ಕಪ್ಪು ಕಂದಾಗಿದ್ದರೆ ಬೆಂಕಿ ರಿಂಗನ್ನು ದಾಟಿ ಇಳಿಯುತ್ತಿತ್ತು, ಅಂದರೆ ಸವೆತ ಎಲ್ಲೆ ಮೀರಿದೆ.

ತಲೆಯ ಅಂಚು ಗೆದ್ದಲು ತಿಂದಂತೆ ಕೊರೆದಿದ್ದರೆ, ಅಥವಾ ನಡುವೆ ತೂತೇ ಬಿದ್ದಿದ್ದರೆ ಅದು ಗಂಭೀರ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಲೋಹ, ಅದಕ್ಕೆ ಬಹಳ ಮೊದಲೇ ಮೆತ್ತಗಾಗಿರುತ್ತದೆ. ಇಗ್ನಿಷನ್ ಟೈಮಿಂಗ್ ಮುಂದಾಗಿದೆ, ಪ್ಲಗ್ ನಂಬರ್ ತಪ್ಪಿದೆ, ಅಥವಾ ಪೆಟ್ರೋಲಿನ ಪಾಲು ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚಾಗಿದೆ. ಗಾಳಿ ಕದ್ದು ಬರುವ ದಾರಿಗಳು ಎರಡು. ಒಂದು, ಕಾರ್ಬ್ಯುರೇಟರಿನ ರಬ್ಬರ್ ಜಾಯಿಂಟಿನ ಬಿರುಕು. ಅದನ್ನು ಬಗ್ಗಿಸಿ ನೋಡಿದರೆ ಕಾಣುತ್ತದೆ. ಇನ್ನೊಂದು, ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲು, ಅಂದರೆ ಕ್ರ್ಯಾಂಕ್ ಕೇಸಿಗೆ ಗಾಳಿ ನುಗ್ಗದಂತೆ ತಡೆಯುವ ಬಳೆ. ಮ್ಯಾಗ್ನೆಟ್ ಪ್ಲೇಟಿನ ಹಿಂದೆ ಒಣಗಿರಬೇಕಾದ ಜಾಗದಲ್ಲಿ ಎಣ್ಣೆ ಪಸೆ ಕಂಡರೆ ಸೀಲು ಹೋಗಿದೆ. ಕ್ಲಚ್ ಕಡೆಯ ಸೀಲು ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಕಡಿಮೆಯಾಗುತ್ತ, ಸೈಲೆನ್ಸರಿನಿಂದ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ.

ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸೀಲು ಸೋರುತ್ತಿರುವ ಎಂಜಿನ್ನಿಗೆ ಎಷ್ಟು ಒಳ್ಳೆಯ ಪಿಸ್ಟನ್ ಹಾಕಿದರೂ ಹಳೆಯದು ಸತ್ತ ದಾರಿಯಲ್ಲೇ ಅದೂ ಹೋಗುತ್ತದೆ.

ಅಳತೆ

ಆರ್‌ಎಕ್ಸ್ 100ರ ಬೋರು 50 ಮಿ.ಮೀ., ಸ್ಟ್ರೋಕು 50 ಮಿ.ಮೀ., ಒಟ್ಟು 98 ಸಿಸಿ. ಗರಿಷ್ಠ ಶಕ್ತಿ ಸಿಗುವ 7,500 ಆರ್‌ಪಿಎಂನಲ್ಲಿ ಕ್ರ್ಯಾಂಕು ಸೆಕೆಂಡಿಗೆ 125 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಪಿಸ್ಟನ್ ಒಮ್ಮೆ ಮೇಲೆ ಒಮ್ಮೆ ಕೆಳಗೆ, 10 ಸೆಂ.ಮೀ. ಓಡುತ್ತದೆ. ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಆ ಓಟದಲ್ಲಿ ಪಿಸ್ಟನ್ನಿಗೂ ಬೋರಿಗೂ ನಡುವೆ ಇರುವುದು ಎಣ್ಣೆಯ ತೆಳು ಪೊರೆ ಮಾತ್ರ. ಆ ಪೊರೆಗೆ ಬಿಟ್ಟ ಜಾಗವನ್ನೇ ಕ್ಲಿಯರೆನ್ಸ್ ಎನ್ನುವುದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಜಾಗ ಕಡಿಮೆಯಾದರೆ ಕಾಯ್ದಾಗ ಪಿಸ್ಟನ್ ಬ್ಲಾಕನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಡಿದುಕೊಳ್ಳುತ್ತದೆ.

ಹಾಗಾಗಿ ಇದು ವರ್ನಿಯರ್‌ನಲ್ಲಿ ಮಾಡುವ ಅಳತೆಯಲ್ಲ. ಸಾಮಾನ್ಯ ವರ್ನಿಯರ್ ಓದುವುದೇ 0.02 ಮಿ.ಮೀ.ಗೆ, ನಮಗೆ ಬೇಕಾದ ಅಂತರ ಅಂಥ ಎರಡು ಗೆರೆಯಷ್ಟು. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕು. ಬೋರಿಂಗ್ ಅಂಗಡಿಯಲ್ಲಿ ಎರಡೂ ಇರುತ್ತವೆ. ಅವರು ಅಳೆಯುವಾಗ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಹಿಂದೆ ಮುಂದೆ ಮತ್ತು ಎಡ ಬಲ, ಹೀಗೆ ಆರು ಅಂಕಿ. ಪಿಸ್ಟನ್ನನ್ನು ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡವಾಗಿ ಅಳೆಯಬೇಕು. ಪಿಸ್ಟನ್ ನಿಜವಾಗಿ ಗುಂಡಗಿರುವುದಿಲ್ಲ, ತಲೆ ಕಡೆ ಕಿರಿದು, ಪಿನ್ನಿನ ದಿಕ್ಕಿನಲ್ಲೂ ಕಿರಿದು. ಬೇರೆ ಕಡೆ ಅಳೆದರೆ ತಪ್ಪು ಅಂಕಿ ಬರುತ್ತದೆ.

ಒಂದು ಉದಾಹರಣೆ. ಬೋರಿನ ಅತಿ ದೊಡ್ಡ ಅಂಕಿ 50.14, ಹಳೆಯ ಪಿಸ್ಟನ್ 49.93 ಬಂತು ಎನ್ನಿ. ಅಂತರ 0.21. ಈ ಅಂತರ 0.10 ದಾಟಿದರೆ ನಾನು ಬೋರ್ ಮಾಡಿಸುತ್ತೇನೆ, ಇಲ್ಲಿ ಎರಡು ಪಟ್ಟು ಆಗಿದೆ. ಓವರ್‌ಸೈಜ್ ಪಿಸ್ಟನ್ನುಗಳು ಮೂಲ ಅಳತೆಗಿಂತ 0.25, 0.50, 0.75, 1.00 ಮಿ.ಮೀ. ದೊಡ್ಡವು, ಹೀಗೆ ಸಿಗುತ್ತವೆ. ಅಂಗಡಿಯಲ್ಲಿ ಟ್ವೆಂಟಿಫೈವ್, ಫಿಫ್ಟಿ ಎಂದು ಕೇಳಿದರೆ ಸಾಕು. ಸವೆತ 0.14 ಇರುವಾಗ ಟ್ವೆಂಟಿಫೈವ್‌ಗೆ ಬೋರು ಶುದ್ಧವಾಗುತ್ತದೆ. ಗೀರು ಆಳವಾಗಿದ್ದರೆ ಮಾತ್ರ ಫಿಫ್ಟಿಗೆ ಹೋಗಿ. ಪವರ್ ಹೆಚ್ಚುತ್ತದೆಂದು ನೇರ 1.00ಕ್ಕೆ ಹಾರುವವರಿದ್ದಾರೆ. ಲೆಕ್ಕ ಹಾಕಿದರೆ 51 ಮಿ.ಮೀ. ಬೋರಿಗೆ ಆಗುವುದು 102 ಸಿಸಿ, ಗಳಿಸಿದ್ದು ನಾಲ್ಕೇ ಸಿಸಿ. ಬದಲಿಗೆ ಬ್ಲಾಕಿನ ಮೂರು ಜನ್ಮ ಒಂದೇ ದಿನ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಹೊಸ ಸ್ಲೀವ್ (ಬ್ಲಾಕಿನೊಳಗಿನ ಕಬ್ಬಿಣದ ಕೊಳವೆ) ಹಾಕಿಸುವ ದಾರಿ ಮಾತ್ರ.

ನಾನು ಮೊದಲ ಸಲ ಬರೀ ಬ್ಲಾಕ್ ಹಿಡಿದು ಅಂಗಡಿಗೆ ಹೋಗಿದ್ದೆ. ಮಿಷನ್ ಮುಂದೆ ಕೂತಿದ್ದ ಹಿರಿಯರು ತಲೆ ಎತ್ತದೆ ಕೇಳಿದರು, "ಪಿಸ್ಟನ್ ಎಲ್ಲಪ್ಪಾ?"

"ಬೋರ್ ಆದ್ಮೇಲೆ ತರ್ತೀನಿ ಅಣ್ಣಾ. ಟ್ವೆಂಟಿಫೈವ್‌ಗೆ ಮಾಡಿಡಿ."

"ಡಬ್ಬಿ ಮೇಲಿನ ನಂಬರ್‌ಗೆಲ್ಲ ನಾನು ಬೋರ್ ಹೊಡೆಯಲ್ಲ. ಪಿಸ್ಟನ್ ಕೈಗೆ ಕೊಡು, ಅಳೆದು ಹೊಡಿತೀನಿ."

ಅವರ ಮಾತೇ ಈ ಕೆಲಸದ ಕಾನೂನು. ಮೊದಲು ಪಿಸ್ಟನ್, ಆಮೇಲೆ ಬೋರು. ಡಬ್ಬಿಯ ಮೇಲೆ 0.25 ಎಂದಿದ್ದರೂ ಒಳಗಿನದು 50.20 ಇರಬಹುದು, 50.22 ಇರಬಹುದು. ಪಿಸ್ಟನ್ 50.21 ಬಂದು, ಕ್ಲಿಯರೆನ್ಸ್ 0.04 ಇಡಬೇಕೆಂದರೆ ಬೋರು 50.25ಕ್ಕೆ ನಿಲ್ಲಬೇಕು. ಪಿಸ್ಟನ್ ಕಿಟ್ಟಿನ ಜೊತೆ ಕ್ಲಿಯರೆನ್ಸ್ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಬೋರ್ ಆಗಿ ಬಂದ ಬ್ಲಾಕು

ಟೂ ಸ್ಟ್ರೋಕ್ ಬ್ಲಾಕಿನ ಗೋಡೆಯಲ್ಲಿ ಕಿಟಕಿಗಳಿವೆ, ಪೋರ್ಟುಗಳು. ಬೋರ್ ಹೊಡೆದಾಗ ಅವುಗಳ ಅಂಚು ಬ್ಲೇಡಿನಂತೆ ಚೂಪಾಗುತ್ತದೆ. ರಿಂಗು ಪ್ರತಿ ಸುತ್ತಿಗೂ ಆ ಕಿಟಕಿಗಳನ್ನು ದಾಟುವಾಗ ಸ್ವಲ್ಪ ಹೊರಕ್ಕೆ ಉಬ್ಬಿ, ಮತ್ತೆ ಒಳಕ್ಕೆ ಬರಬೇಕು. ಅಂಚು ಚೂಪಾಗಿದ್ದರೆ ಅಲ್ಲೇ ಸಿಕ್ಕಿ ಮುರಿಯುತ್ತದೆ. ಅಂಚನ್ನು ಸಣ್ಣ ಅರ ಅಥವಾ ಸಾಣೆ ಕಲ್ಲಿನಿಂದ ಸವರಿ ಇಳಿಜಾರು ಮಾಡಬೇಕು, ಅದನ್ನೇ ಚೇಂಫರ್ ಎನ್ನುತ್ತಾರೆ.

ಬೇರೊಂದು ಊರಿನ ಅಂಗಡಿಯಲ್ಲಿ ಒಮ್ಮೆ ಅವಸರಕ್ಕೆ ಬೋರ್ ಮಾಡಿಸಿದ್ದೆ. ಅವರು ಚೇಂಫರ್ ಹೊಡೆದಿರಲಿಲ್ಲ, ನಾನು ನೋಡಲಿಲ್ಲ. ಇನ್ನೂರು ಕಿಲೋಮೀಟರ್ ಕೂಡ ಓಡಲಿಲ್ಲ. ಬಿಚ್ಚಿದಾಗ ಮೇಲಿನ ರಿಂಗಿನ ಒಂದು ತುದಿ, ಉಗುರಿನಷ್ಟು ತುಂಡು, ಸೈಲೆನ್ಸರ್ ಪೋರ್ಟಿನ ಅಂಚಿನಲ್ಲಿ ಕಚ್ಚಿಕೊಂಡಿತ್ತು. ಹೊಸ ಬೋರಿನ ಮೇಲೆ ಉದ್ದಕ್ಕೆ ಒಂದೇ ಗೀರು. ಅಂದಿನಿಂದ ಬ್ಲಾಕ್ ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ನಿಂತು ಪ್ರತಿ ಪೋರ್ಟಿನ ಅಂಚಿನ ಮೇಲೂ ಬೆರಳು ಎಳೆಯುತ್ತೇನೆ. ಬೆರಳಿಗೆ ಸಿಕ್ಕಿದರೆ ರಿಂಗಿಗೂ ಸಿಕ್ಕುತ್ತದೆ. ಹೋನಿಂಗ್, ಅಂದರೆ ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು, ಆಗಿದೆಯೇ ಎಂಬುದನ್ನೂ ಅಲ್ಲೇ ನೋಡಿ. ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ನಯವಾದ ಓರೆ ಗೆರೆಗಳು ಕಾಣಬೇಕು, ಎಣ್ಣೆ ನಿಲ್ಲುವುದೇ ಅವುಗಳಲ್ಲಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ತೊಳೆಯುವುದು. ಪೆಟ್ರೋಲಿನಲ್ಲಿ ಒರೆಸಿದರೆ ಸಾಲದು, ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳೊಳಗೆ ಕೂತಿರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಒಂದು ಬ್ರಷ್. ಉಜ್ಜಿ, ತೊಳೆದು, ಆ ಬಿಳಿ ಬಟ್ಟೆಯಿಂದ ಒಳಗೋಡೆ ಒರೆಸಿ. ಮೊದಲ ಸಲ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಉಜ್ಜಿ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಬಿಡಬೇಡಿ, ನನಗೆ ನಾಲ್ಕೈದು ಸಲ ಬೇಕಾಗುತ್ತದೆ. ಒಣಗಿದ ಕೂಡಲೇ ಟೂಟಿ ಆಯಿಲ್ ಸವರಿ, ಇಲ್ಲವಾದರೆ ಕಬ್ಬಿಣದ ಸ್ಲೀವ್ ನೋಡುನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಈ ನಡುವೆ ಹೆಡ್ಡಿನ ಒಳಗಿನ ಕಾರ್ಬನ್ನನ್ನು ಮರದ ಚೂರಿನಿಂದ ಕೆರೆದು ತೆಗೆಯಿರಿ. ಹೆಡ್ಡನ್ನು ಗಾಜಿನ ಮೇಲೆ ಬೋರಲು ಇಟ್ಟು ಅಂಚಿನಲ್ಲಿ ಫೀಲರ್ ತೂರಿಸಿ ನೋಡಿ. 0.03 ಮಿ.ಮೀ. ಪಟ್ಟಿ ಒಳಗೆ ಹೋದರೆ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ಸೈಲೆನ್ಸರಿನ ಒಳಪೈಪಿನ ಕಾರ್ಬನ್ ತೆಗೆಯಲೂ ಇದೇ ಸಮಯ.

ಕೂಡಿಸುವುದು

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನೊಳಗೆ ಹಾಕಿ ನೋಡಬೇಕು. ಪಿಸ್ಟನ್ನಿನ ತಲೆಯಿಂದಲೇ ಅದನ್ನು ಸಮವಾಗಿ ತಳ್ಳಿ, ಪೋರ್ಟ್ ಇಲ್ಲದ ಜಾಗದಲ್ಲಿ ನಿಲ್ಲಿಸಿ, ತುದಿಗಳ ನಡುವಿನ ಬಿರುಕಿಗೆ ಫೀಲರ್ ಹಾಕಿ. ಈ ಗಾತ್ರದ ಬೋರಿಗೆ 0.15ರಿಂದ 0.35 ಮಿ.ಮೀ. ಒಳಗೆ ಇದ್ದರೆ ಸರಿ. ತೀರಾ ಕಡಿಮೆ ಇದ್ದರೆ ಅರ ಹಿಡಿಯುವ ಮೊದಲು ಬೋರಿನ ಅಳತೆಯನ್ನೂ ರಿಂಗಿನ ಸೈಜನ್ನೂ ಇನ್ನೊಮ್ಮೆ ನೋಡಿ, ಸಾಮಾನ್ಯವಾಗಿ ತಪ್ಪು ಅಲ್ಲಿರುತ್ತದೆ.

ಕೆಳಗಿನ ರಿಂಗು ಮೊದಲು, ಅಕ್ಷರ ಇರುವ ಮುಖ ಮೇಲಕ್ಕೆ. ಎರಡು ಹೆಬ್ಬೆರಳಿನಿಂದ ಬೇಕಾದಷ್ಟೇ ಅಗಲಿಸಿ. ರಿಂಗು ಕೂರುವ ಪ್ರತಿ ಗ್ರೂವ್‌ನೊಳಗೂ ಒಂದು ಸಣ್ಣ ಪಿನ್ನಿದೆ, ರಿಂಗಿನ ಬಾಯಿ ಅದರ ಮೇಲೇ ಕೂರಬೇಕು. ರಿಂಗು ಸುತ್ತಿ ಸುತ್ತಿ ಅದರ ಬಾಯಿ ಪೋರ್ಟಿಗೆ ಸಿಕ್ಕದಿರಲಿ ಎಂದೇ ಆ ಪಿನ್ನು ಇರುವುದು.

ಕ್ರ್ಯಾಂಕ್ ಕೇಸಿನ ಬಾಯಿಯಲ್ಲಿ ಬಟ್ಟೆ ಇದೆಯೇ ನೋಡಿ. ಮೊದಲು ಒಂದು ಬದಿಯ ಲಾಕನ್ನು ಮೇಜಿನ ಮೇಲೆಯೇ ಪಿಸ್ಟನ್ನಿಗೆ ಹಾಕಿಕೊಂಡುಬಿಡಿ, ಗಾಡಿಯ ಮೇಲೆ ಒಂದೇ ಉಳಿಯುತ್ತದೆ. ರಾಡಿನ ತಲೆಗೆ ಹೊಸ ಸೂಜಿ ಬೇರಿಂಗ್ ಎಣ್ಣೆಯಲ್ಲಿ ಅದ್ದಿ ಹಾಕಿ, ಬಾಣ ಮುಂದಕ್ಕೆ ಇರುವಂತೆ ಪಿಸ್ಟನ್ ಹಿಡಿದು ಪಿನ್ ತಳ್ಳಿ. ಎರಡನೇ ಲಾಕು ಗ್ರೂವ್‌ನಲ್ಲಿ ಟಿಕ್ ಎಂದು ಕೂರಬೇಕು. ಅದರ ಬಾಯಿ ಪಿಸ್ಟನ್ನಿನಲ್ಲಿರುವ ಕಚ್ಚಿನ ಎದುರಿಗೆ ಬರದೆ, ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಿರುಗಿಸಿ ನೋಡಿ, ಗ್ರೂವ್‌ನಲ್ಲಿ ಪೂರ್ತಿ ಕೂತಿದ್ದರೆ ಸುತ್ತಲೂ ಒಂದೇ ಬಿಗಿ ಇರುತ್ತದೆ. ಓಡುವಾಗ ಈ ಲಾಕು ಹೊರಬಂದರೆ ಪಿನ್ನು ಬ್ಲಾಕಿನ ಗೋಡೆಯಲ್ಲಿ ಕಾಲುವೆ ಕೊರೆಯುತ್ತದೆ.

ಕೆಳಗಿನ ಹೊಸ ಪ್ಯಾಕಿಂಗ್ ಕೂರಿಸಿ, ಅದರ ತೂತುಗಳು ಪೋರ್ಟಿನ ದಾರಿಗೆ ಹೊಂದಿವೆಯೇ ನೋಡಿ. ಪಿಸ್ಟನ್ನಿನ ಕೆಳಗೆ ರಾಡಿನ ಎರಡೂ ಕಡೆ ಒಂದೇ ದಪ್ಪದ ಎರಡು ಮರದ ಪಟ್ಟಿ ಇಟ್ಟರೆ ಪಿಸ್ಟನ್ ಅಲ್ಲಾಡದೆ ನೆಟ್ಟಗೆ ನಿಲ್ಲುತ್ತದೆ. ಬೋರಿಗೆ, ರಿಂಗಿಗೆ, ಪಿಸ್ಟನ್ ಮೈಗೆ ಟೂಟಿ ಆಯಿಲ್ ಸವರಿ. ಗ್ರೀಸ್ ಬೇಡ. ಬ್ಲಾಕನ್ನು ಸ್ಟಡ್‌ಗಳ ಮೇಲಿಂದ ನೇರವಾಗಿ ಇಳಿಸುತ್ತ, ಬಾಯಿ ಪಿನ್ನಿನ ಮೇಲಿದೆಯೇ ನೋಡಿ ಬೆರಳುಗಳಿಂದ ಮೇಲಿನ ರಿಂಗನ್ನು ಅಮುಕಿ ಒಳಗೆ ಬಿಡಿ, ಆಮೇಲೆ ಕೆಳಗಿನದು. ಇಳಿಸುವಾಗ ಬ್ಲಾಕನ್ನು ಎಡಕ್ಕೆ ಬಲಕ್ಕೆ ತಿರುಗಿಸಬಾರದು, ಒಂದು ಡಿಗ್ರಿ ಕೂಡ ಬೇಡ. ತಿರುಗಿಸಿದರೆ ರಿಂಗಿನ ತುದಿ ಪೋರ್ಟಿನೊಳಗೆ ಜಾರಿ ಅಲ್ಲೇ ಮುರಿಯುತ್ತದೆ. ಎಲ್ಲೋ ತಡೆದಂತೆ ಅನಿಸಿದರೆ ಒತ್ತಬೇಡಿ, ಮೇಲೆತ್ತಿ ಮತ್ತೆ ಮೊದಲಿನಿಂದ ಬನ್ನಿ. ರಿಂಗು ಸರಿಯಾಗಿ ಒಳಗೆ ಹೋದರೆ ಬ್ಲಾಕು ತನ್ನ ತೂಕಕ್ಕೇ ಇಳಿಯುವಷ್ಟು ಸಲೀಸು. ಎರಡೂ ರಿಂಗು ಒಳಗೆ ಹೋದ ಮೇಲೆ ಪಟ್ಟಿ ಮತ್ತು ಬಟ್ಟೆ ಎಳೆದು, ಬ್ಲಾಕ್ ಪೂರ್ತಿ ಕೂರಿಸಿ.

ಹೆಡ್ ಇಡುವ ಮೊದಲು ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ, ಪಿಸ್ಟನ್ ಎರಡು ಮೂರು ಸಲ ಮೇಲೆ ಕೆಳಗೆ ಹೋಗಲಿ. ಕರಕರ ಸದ್ದಾಗಲಿ, ತಡೆಯಾಗಲಿ ಇರಬಾರದು. ಹೊಸ ಪ್ಯಾಕಿಂಗ್ ಹಾಕಿ ಹೆಡ್ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಮೂರು ಹಂತದಲ್ಲಿ ಬಿಗಿಯಿರಿ. 8 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 2ರಿಂದ 2.5 ಕೆಜಿ-ಮೀಟರ್ ಟಾರ್ಕ್ ಸಾಕು, ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯೇ ಅಂತಿಮ. ಉಳಿದದ್ದೆಲ್ಲ ಬಿಚ್ಚಿದ್ದರ ಉಲ್ಟಾ ಕ್ರಮ.

ಮೊದಲ ಸ್ಟಾರ್ಟ್

ಆಯಿಲ್ ಪೈಪಿನಲ್ಲಿ ಗುಳ್ಳೆ ಉಳಿದಿದ್ದರೆ ಗುಳ್ಳೆ ದಾಟುವಷ್ಟು ಹೊತ್ತು ಎಂಜಿನ್ನಿಗೆ ಎಣ್ಣೆಯೇ ಇಲ್ಲ. ಪಂಪಿನ ಗಾಳಿ ಬಿಡುವ ಸ್ಕ್ರೂ ತೆಗೆದು, ಗುಳ್ಳೆಯಿಲ್ಲದೆ ಎಣ್ಣೆ ಬರುವವರೆಗೆ ಕಾದು ಮುಚ್ಚಿ. ಅಷ್ಟಾದರೂ ನಂಬಿ ಕೂರಬೇಡಿ, ಮೊದಲ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂಟಿ ಆಯಿಲ್ ಬೆರೆಸಿಯೇ ಹಾಕಿ. ಹೊಗೆ ಹೆಚ್ಚು ಬರುತ್ತದೆ, ಬರಲಿ.

ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ನಿಧಾನಕ್ಕೆ ಓಡಿಸಿ ನಿಲ್ಲಿಸಿ. ಬ್ಲಾಕಿನ ಮೇಲೆ ಕೈ ಇಡುವಷ್ಟು ತಣ್ಣಗಾಗಲಿ. ಹೀಗೆ ಮೂರು ಸಲ. ಮೂರನೇ ಸಲ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ ನೋಡಿ, ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲವಾಗಿರುತ್ತದೆ.

ಇನ್ನು ರನ್ನಿಂಗ್-ಇನ್, ಅಂದರೆ ಹೊಸ ಪಿಸ್ಟನ್ ಬೋರಿಗೆ ಒಗ್ಗುವ ಓಟ. ಮೊದಲ 500 ಕಿ.ಮೀ. ವೇಗ ಗಂಟೆಗೆ 40ರಿಂದ 50 ಕಿ.ಮೀ. ಒಳಗೇ ಇರಲಿ. ಒಂದೇ ವೇಗದಲ್ಲಿ ಬಹಳ ಹೊತ್ತು ಹಿಡಿಯದೆ ಏರಿಳಿತ ಮಾಡುತ್ತ ಓಡಿಸಿ. ನಿಧಾನವೆಂದರೆ ಟಾಪ್ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುವುದಲ್ಲ. ಅದು ಜೋರಾಗಿ ಓಡಿಸಿದ್ದಕ್ಕಿಂತ ಕೆಟ್ಟದ್ದು, ಗೇರ್ ಇಳಿಸಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವ ಯೋಚನೆ 1,000 ಕಿ.ಮೀ. ಮುಗಿಯುವವರೆಗೆ ಬೇಡ. ಇಳಿಯುವಾಗಲೂ ಎಚ್ಚರ ಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವವರು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದನೆಯ ಘಾಟಿ ಇಳಿದರೆ, ಪೆಟ್ರೋಲಿನ ಜೊತೆ ಎಣ್ಣೆಯೂ ನಿಂತುಹೋಗುತ್ತದೆ, ಎಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಓಡುವಾಗ ಎಂಜಿನ್ ಇದ್ದಕ್ಕಿದ್ದಂತೆ ಭಾರವಾಗಿ, ಹಿಂದಿನಿಂದ ಯಾರೋ ಹಿಡಿದೆಳೆದಂತೆ ಅನಿಸಿದರೆ ಅದು ಜಾಮ್ ಆಗುವ ಮುನ್ಸೂಚನೆ. ಆ ಕ್ಷಣವೇ ಕ್ಲಚ್ ಹಿಡಿಯಿರಿ, ಇಲ್ಲವಾದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಈ ಮೊದಲ ಸಾವಿರ ಕಿಲೋಮೀಟರ್ ಎರಡು ಬೆರಳು ಸದಾ ಕ್ಲಚ್ ಲಿವರ್ ಮೇಲೇ ಇರಲಿ.

500 ಕಿ.ಮೀ. ಆದಾಗ ಪ್ಲಗ್ ತೆಗೆದು ನೋಡಿ. ಕಾಫಿ ಪುಡಿಯ ತಿಳಿ ಕಂದು ಬಣ್ಣ ಇದ್ದರೆ ಎಲ್ಲ ಸರಿಯಿದೆ. ಬಿಳಿಚಿದ್ದರೆ ಗಾಳಿ ಎಲ್ಲಿಂದಲೋ ಬರುತ್ತಿದೆ, ಅಲ್ಲಿಗೇ ನಿಲ್ಲಿಸಿ ಜಾಯಿಂಟು, ಸೀಲು, ಜೆಟ್ ನೋಡಿ. ಕೊನೆಗೆ ಒಂದು ಚೀಟಿಯಲ್ಲಿ ತಾರೀಖು, ಮೀಟರಿನ ಅಂಕಿ, ಪಿಸ್ಟನ್ ಸೈಜು, ಬೋರಿನ ಅಳತೆ, ಇಟ್ಟ ಕ್ಲಿಯರೆನ್ಸ್, ಹಳೆಯ ಪಿಸ್ಟನ್ ಹೋದ ಕಾರಣ ಇಷ್ಟನ್ನೂ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗಾಡಿಯ ಟೂಲ್ ಬಾಕ್ಸಿನೊಳಗೆ ಇಟ್ಟುಬಿಡಿ. ಮುಂದೆ ಈ ಬ್ಲಾಕ್ ಬಿಚ್ಚುವವರು ನೀವೇ ಆಗಿರಲಿ, ನಿಮ್ಮ ಮಗನೋ ಮಗಳೋ ಆಗಿರಲಿ, ಮೊದಲು ಹುಡುಕುವುದು ಆ ಚೀಟಿಯನ್ನೇ.